ಬಿಸಿಲಿಗೆ ಹೆದರುವ ಮೋಡ

ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಅಮ್ಮ ಸ್ಯಾನ್ ಡಿಯೇಗೋಗೆ ಬಂದಿದ್ದಳು. ತೀರ್ಥಹಳ್ಳಿ ಕಡೆಯವಳು, ಮೋಡ ಕಂಡರೆ ಅಂಗಳದಲ್ಲಿದ್ದದ್ದನ್ನೆಲ್ಲ ಎತ್ತಿ ಒಳಗಿಡುವುದು ರಕ್ತದಲ್ಲೇ ಇದೆ. ಇಲ್ಲಿ ಬೆಳಗ್ಗೆ ಎದ್ದು ನೋಡಿದರೆ ಆಕಾಶಕ್ಕೆ ಬೂದಿ ಬಳಿದ ಹಾಗೆ. ಮಳೆ ಬಂತು ಅಂತ ಒಣಹಾಕಿದ ಬಟ್ಟೆಯನ್ನೆಲ್ಲ ತೆಗೆದಳು. ಹನ್ನೊಂದಾಯ್ತು, ಹನ್ನೆರಡಾಯ್ತು, ಹನಿಯೂ ಇಲ್ಲ, ಮೋಡವೂ ಇಲ್ಲ, ಚುರುಗುಟ್ಟುವ ಬಿಸಿಲು! ಮೂರನೇ ದಿನ ಕೇಳಿಯೇ ಬಿಟ್ಟಳು: "ಇದೆಂತ ಮೋಡ ಮಾರಾಯ, ಬಿಸಿಲಿಗೆ ಹೆದರ್ತದಲ್ಲ!"

"ಸಮುದ್ರದ ಮಂಜು ಅಮ್ಮಾ" ಅಂತ ಏನೋ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಅಮ್ಮನ ಪ್ರಶ್ನೆಯ ಹಿಂದೆ ದೊಡ್ಡ ದೊಡ್ಡ ತಲೆಗಳು ಅರ್ಧ ಶತಮಾನ ಕಂಪ್ಯೂಟರ್ ಓಡಿಸಿವೆ ಅಂತ.

ಈ ಮೋಡದ ಹೆಸರು ಸ್ಟ್ರ್ಯಾಟೊಕ್ಯುಮ್ಯುಲಸ್. ದಪ್ಪ ಕೆಲವು ನೂರು ಮೀಟರ್ ಅಷ್ಟೇ, ಹಾಸು ಮಾತ್ರ ಸಾವಿರಾರು ಕಿಲೋಮೀಟರ್. ಕ್ಯಾಲಿಫೋರ್ನಿಯಾ, ಪೆರು, ನಮೀಬಿಯಾ ತೀರಗಳಾಚೆ, ನೀರು ತಣ್ಣಗಿರುವ ಕಡೆ ಮಲಗಿರುತ್ತದೆ. ಮೇಲೆ ಒಣ ಬಿಸಿಗಾಳಿಯ ಮುಚ್ಚಳ. ಕೆಲವೇ ಹತ್ತು ಮೀಟರುಗಳೊಳಗೆ ಎಂಟು-ಹತ್ತು ಡಿಗ್ರಿ ಬಿಸಿ ಜಾಸ್ತಿಯಾಗುತ್ತದೆ, ಹಾಗಾಗಿ ಮೋಡ ಮೇಲೇಳುವಂತಿಲ್ಲ. ಬೀಳುವ ಬಿಸಿಲಲ್ಲಿ ದೊಡ್ಡ ಪಾಲನ್ನು ವಾಪಸ್ ಆಕಾಶಕ್ಕೆ ಕಳಿಸಿಬಿಡುವುದರಿಂದ ಇದು ಭೂಮಿಯ ಕೊಡೆ ಅಂದರೂ ಆದೀತು.

1968ರಲ್ಲಿ ಡಗ್ಲಸ್ ಲಿಲ್ಲಿ ಎಂಬ ಹವಾಮಾನ ವಿಜ್ಞಾನಿ ಈ ಮೋಡಕ್ಕೆ ಮೊದಲ ಸರಿಯಾದ ಲೆಕ್ಕ ಬರೆದ. ನಮಗೆ ಗೊತ್ತಿರುವ ಮೋಡವೆಲ್ಲ ಅನ್ನದ ಪಾತ್ರೆಯ ಹಾಗೆ, ಕೆಳಗಿನ ಬಿಸಿಯಿಂದ ಕುದಿಯುವಂಥದ್ದು. ಇದು ತಲೆಕೆಳಗು. ಮೋಡದ ನೆತ್ತಿ ಇನ್ಫ್ರಾರೆಡ್ ಕಿರಣಗಳನ್ನು ಮೇಲಕ್ಕೆ ಬಿಟ್ಟು ಹಗಲೂ ರಾತ್ರಿ ತಣಿಯುತ್ತಿರುತ್ತದೆ. ತಣಿದ ಗಾಳಿ ಭಾರವಾಗಿ ಕೆಳಗಿಳಿಯುತ್ತದೆ, ಅದರ ಜಾಗಕ್ಕೆ ಕಡಲಿನ ತೇವ ಮೇಲೇರುತ್ತದೆ. ಅಂದರೆ ಮೋಡ ತನ್ನ ನೆತ್ತಿಯ ಚಳಿಯಿಂದ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ. ನನಗೆ ಈ ಒಂದು ಮಾತು ಅರಗಿಸಿಕೊಳ್ಳಲು ವಾರ ಬೇಕಾಯ್ತು.

ಈಗ ಬಿಸಿಲು. ಬಿದ್ದದ್ದರಲ್ಲಿ ಸ್ವಲ್ಪವನ್ನಷ್ಟೇ ಮೋಡ ಹೀರುತ್ತದೆ, ಆದರೆ ಅಷ್ಟು ಸಾಕು. ನೆತ್ತಿಯ ತಂಪಿನ ಒಂದು ಪಾಲು ವಜಾ ಆಗುತ್ತದೆ, ಕಡೆಯುವ ಕೈ ಸೋಲುತ್ತದೆ. ಕಡಲಿಗೂ ಮೋಡಕ್ಕೂ ಇದ್ದ ಕೊಂಡಿ ಕಳಚುತ್ತದೆ, ತೇವ ಕೆಳಗೇ ಉಳಿದು ಮೋಡ ತೆಳ್ಳಗಾಗುತ್ತದೆ. 1980ರ ದಶಕದಲ್ಲಿ ಬ್ರಿಟನ್ನಿನ ನಿಕೋಲ್ಸ್ ಮತ್ತು ಟರ್ಟನ್ ಈ ಕಳಚುವಿಕೆಯನ್ನು ಲೆಕ್ಕಕ್ಕೆ ತಂದರು. 1987ರ ಬೇಸಿಗೆಯಲ್ಲಿ ಇದೇ ನಮ್ಮ ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೊಲಾಸ್ ದ್ವೀಪದಲ್ಲಿ ಉಪಕರಣ ಇಟ್ಟು ಅಳೆದದ್ದೂ ಅದನ್ನೇ ಹೇಳಿತು: ಮೋಡದಲ್ಲಿ ನೀರು ಅತಿ ಹೆಚ್ಚು ಇರುವುದು ಸೂರ್ಯ ಹುಟ್ಟುವ ಮುಂಚೆ, ಅತಿ ಕಡಿಮೆ ಮಧ್ಯಾಹ್ನದ ನಂತರ. ಅಮ್ಮನ ವೀಕ್ಷಣೆ ಸರಿಯಾಗಿಯೇ ಇತ್ತು :-)

ಲಿಲ್ಲಿಯದು ಕಾಗದದ ಮೇಲಿನ ಮೋಡ. ಕಂಪ್ಯೂಟರಿನ ಮೋಡಕ್ಕೆ ದಾರಿ ಮಾಡಿದವನು ಜೇಮ್ಸ್ ಡಿಯರ್ಡಾರ್ಫ್. ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕು, ಚಿಕ್ಕವನ್ನು ಅಂದಾಜು ಮಾಡು, ಇದು ಅವನ ಉಪಾಯ. 1970ರಲ್ಲಿ ಅವನು ಪ್ರಕಟಿಸಿದ ಮೊದಲ ಲೆಕ್ಕದಲ್ಲಿ ಮೋಡವೇ ಇರಲಿಲ್ಲ, ಬರೀ ಕೊಳವೆಯಂಥ ಹರಿವು, 6720 ಚೌಕಗಳು. ಹತ್ತು ವರ್ಷ ಬಿಟ್ಟು, 1980ರಲ್ಲಿ, ಸ್ಟ್ರ್ಯಾಟೊಕ್ಯುಮ್ಯುಲಸ್ಸನ್ನೇ ಮೂರು ಆಯಾಮದಲ್ಲಿ ಬೆಳೆಸಿದ.

ಅದೇ ವರ್ಷ ಒಂದು ಚೆಂದದ ಸಿದ್ಧಾಂತವೂ ಹುಟ್ಟಿತು. ಮೇಲಿನ ಒಣಗಾಳಿ ಮೋಡದೊಳಗೆ ನುಗ್ಗಿದರೆ ಹನಿಗಳು ಆವಿಯಾಗಿ ಗಾಳಿ ಇನ್ನೂ ತಣಿದು, ಇನ್ನಷ್ಟು ಒಣಗಾಳಿಯನ್ನು ಎಳೆದುಕೊಂಡು, ಮೋಡ ತಾನೇ ಚಿಂದಿಯಾಗುತ್ತದೆ ಅಂತ. ಡಿಯರ್ಡಾರ್ಫ್, ಡೇವಿಡ್ ರ್‍ಯಾಂಡಲ್ ಇಬ್ಬರೂ ಬರೆದರು. ನಿಜವಾದ ಮೋಡಗಳು ಮಾತ್ರ ಆ ಗಡಿ ದಾಟಿಯೂ ಆರಾಮಾಗಿ ಮಲಗಿದ್ದವು! 1988ರ ಹೊತ್ತಿಗೆ ಸಿದ್ಧಾಂತ ಹಾಗೇ ನಿಲ್ಲುವುದಿಲ್ಲ ಅಂತಾಯ್ತು. ಒಣಗಾಳಿ ಎಷ್ಟು ಬೆರೆಯುತ್ತದೆ ಎಂಬುದೇ ಇಡೀ ಕತೆಯ ಗಂಟು. ಅಂದಹಾಗೆ, ನಮ್ಮ ರೊದ್ದಂ ನರಸಿಂಹ ಅವರು ಬೆಂಗಳೂರಿನಲ್ಲಿ ಜಿ. ಎಸ್. ಭಟ್ ಜೊತೆ ನೀರಿನ ತೊಟ್ಟಿಯಲ್ಲಿ ಚಿಮ್ಮುವ ಧಾರೆಗೆ ವಿದ್ಯುತ್ತಿನಿಂದ ಬಿಸಿ ಕೊಟ್ಟು ನೋಡಿದ್ದೂ ಈ ಬೆರೆಯುವಿಕೆಯನ್ನೇ. ಅದು ಬೇರೆ ಜಾತಿಯ ಮೋಡ, ನಮ್ಮ ಮಳೆಗಾಲದ್ದು. ಅದಕ್ಕೇ ಇನ್ನೊಂದು ಪೋಸ್ಟ್ ಬೇಕು.

2001ರ ಜುಲೈನಲ್ಲಿ ಸ್ಯಾನ್ ಡಿಯೇಗೋ ಕಡಲಾಚೆ ವಿಮಾನ ಹಾರಿಸಿ ಅಳೆದರು, ಹೆಚ್ಚಾಗಿ ರಾತ್ರಿ ಹೊತ್ತು. ಬಿಸಿಲಿದ್ದರೆ ಗೋಜಲು ಜಾಸ್ತಿ! ಅದನ್ನಿಟ್ಟುಕೊಂಡು ಬೇರೆ ಬೇರೆ ಗುಂಪುಗಳು ಒಂದೇ ಮೋಡವನ್ನು ಲೆಕ್ಕ ಹಾಕಿದವು. 2005ರಲ್ಲಿ ಬಂದ ಫಲಿತಾಂಶ ಓದಿದಾಗ ನಗು ಬಂತು. ಎತ್ತರದಲ್ಲಿ ಐದೈದು ಮೀಟರಿಗೆ ಒಂದು ಚೌಕ ಇಟ್ಟರೂ ಹೆಚ್ಚಿನ ಮಾದರಿಗಳು ಒಣಗಾಳಿಯನ್ನು ಅತಿಯಾಗಿ ಬೆರೆಸಿ ಮೋಡವನ್ನು ತೆಳ್ಳಗೆ ಮಾಡಿಬಿಟ್ಟಿದ್ದವು, ಸೂರ್ಯನಿಲ್ಲದೆಯೇ! ಇನ್ನು ಇಡೀ ಭೂಮಿಯ ಹವಾಮಾನ ಮಾದರಿಗಳ ಒಂದು ಚೌಕವೇ ನೂರು ಕಿಲೋಮೀಟರಿನ ಆಸುಪಾಸು. ಅದರೊಳಗೆ ಈ ಹಾಳೆಯಂಥ ಮೋಡ ಎಲ್ಲಿ ಕಂಡೀತು?

ಇದು ಬರೀ ಮೋಡದ ಹುಚ್ಚಿನವರ ಜಗಳವಲ್ಲ. ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ 1.5ರಿಂದ 4.5 ಡಿಗ್ರಿ ಬಿಸಿಯಾದೀತು ಎಂದು 1979ರಲ್ಲಿ ಚಾರ್ನಿ ಸಮಿತಿ ಹೇಳಿತು. 2013ರ ಐಪಿಸಿಸಿ ವರದಿಯಲ್ಲೂ ಅದೇ 1.5ರಿಂದ 4.5! ಮಾದರಿಗಳು ಒಂದಕ್ಕೊಂದು ಒಪ್ಪದಿರಲು ದೊಡ್ಡ ಕಾರಣ ಈ ತಗ್ಗಿನ ಕಡಲ ಮೋಡಗಳೇ. 2021ರಲ್ಲಿ ಆ ಅಂತರ 2.5ರಿಂದ 4ಕ್ಕೆ ಇಳಿಯಿತು.

2019ರಲ್ಲಿ ಟಾಪಿಯೊ ಷ್ನೈಡರ್ ತಂಡದವರು ಕಡಲಿನ ಒಂದು ಸಣ್ಣ ತುಂಡಿನ ಮೋಡವನ್ನು ಸೂಕ್ಷ್ಮವಾಗಿ ಲೆಕ್ಕ ಹಾಕಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿಸುತ್ತಾ ಹೋದರು. ದಶಲಕ್ಷಕ್ಕೆ 1200 ಭಾಗ ದಾಟಿದಾಗ ಮೋಡ ಚೂರುಚೂರಾಗಿ ಹೋಯಿತು. ಮೇಲಿನ ಗಾಳಿಯೇ ಶಾಖ ತಡೆಯುವುದರಿಂದ ನೆತ್ತಿ ತಣಿಯಲಾರದು, ಅದೇ ಲಿಲ್ಲಿಯ ಕಾರಣ. ಕೊಡೆ ಹೋದದ್ದಕ್ಕೇ ಹೆಚ್ಚುವರಿಯಾಗಿ ಸುಮಾರು 8 ಡಿಗ್ರಿ ಬಿಸಿ. ಆಮೇಲೆ ಡೈಆಕ್ಸೈಡ್ ಅಷ್ಟೇ ಇಳಿಸಿದರೆ ಮೋಡ ವಾಪಸ್ ಬರಲಿಲ್ಲ, ಇನ್ನೂ ಬಹಳ ಕೆಳಗಿಳಿಸಬೇಕಾಯಿತು. ಈಗ ನಾವು 420 ದಾಟಿದ್ದೇವೆ. 1200 ದೂರವೇ ಇದೆ, ಅದೂ ಒಂದು ತುಂಡು ಕಡಲಿನ ಲೆಕ್ಕ, ಉಳಿದ ಭೂಮಿಯನ್ನು ತೀರಾ ಸರಳ ಮಾಡಿಕೊಂಡದ್ದು. ಆ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಅದನ್ನು ಓದಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರೆ ನಿಮ್ಮಲ್ಲಿ ಬಟ್ಟೆ ಹನ್ನೊಂದರ ಮೇಲೆ ಒಣಹಾಕ್ಬೇಕು ಅನ್ನು" ಅಂದಳು.