ತಿಂಗಳಿಗೆ ಐದು ರೂಪಾಯಿ

ಹಾನಗಲ್ ತಾಲ್ಲೂಕಿನ ತಿಳವಳ್ಳಿ 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ತನಕ ಧಾರವಾಡ ಜಿಲ್ಲೆಯ ಊರು. ಸಹಕಾರದ ಇತಿಹಾಸದಲ್ಲಿ ಆ ಹಳೆಯ ಜಿಲ್ಲೆಗೆ ದೊಡ್ಡ ಹೆಸರು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶಕ್ಕೇ ಮೊದಲನೆಯದು. ಬೆಳೆಸಾಲಕ್ಕೆಂದು ಹುಟ್ಟಿದ ಸೊಸೈಟಿಗಳು ನೂರು ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಖರ್ಚಿಗೂ ಹೆಗಲು ಕೊಟ್ಟವು.

2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಆಲೋಚನೆ. ಬೆಂಬಲಕ್ಕೆ ನಿಂತದ್ದು ಎಸ್.ಎಂ. ಕೃಷ್ಣ ಸರ್ಕಾರ. ಒಂದು ಕಡೆ ಖಾಲಿ ಬಿದ್ದ ಆಸ್ಪತ್ರೆ ಹಾಸಿಗೆಗಳು, ಇನ್ನೊಂದು ಕಡೆ ಎಮ್ಮೆ ಮಾರಿ, ಹೊಲ ಅಡವಿಟ್ಟು ದವಾಖಾನೆ ಬಿಲ್ಲು ಕಟ್ಟುವ ರೈತ. ಎರಡಕ್ಕೂ ನಡುವೆ ಸೊಸೈಟಿ ಬಂತು. ಸದಸ್ಯರು ತಲೆಗೆ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಸರ್ಕಾರ 30 ಸೇರಿಸುತ್ತಿತ್ತು. ಅಷ್ಟಕ್ಕೆ ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆ ನಗದಿಲ್ಲದೆ ಸಿಗುತ್ತಿತ್ತು. ಪಟ್ಟಿ ಬರೆದವರಿಗೆ ಹೊಲದ ಬದುಕು ಗೊತ್ತಿತ್ತು: ಹಾವು ಕಡಿತ, ಎತ್ತು ಇರಿದ ಗಾಯ, ಕೃಷಿ ಯಂತ್ರಕ್ಕೆ ಸಿಕ್ಕವರ ತುರ್ತು ಚಿಕಿತ್ಸೆ ಎಲ್ಲವೂ ಅದರಲ್ಲಿದ್ದವು.

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಒಂಬತ್ತು ಸಾವಿರದಷ್ಟು ಆಪರೇಷನ್‌ಗಳಾದವು. ಮೂರನೇ ವರ್ಷ ವಂತಿಗೆ 120 ರೂಪಾಯಿಗೆ ಏರಿತು. ಸದಸ್ಯರು 15 ಲಕ್ಷಕ್ಕಿಂತ ಕೆಳಗಿಳಿದರು, ಆಪರೇಷನ್‌ಗಳು ಇಪ್ಪತ್ತು ಸಾವಿರದ ಹತ್ತಿರ ಬಂದವು.

ಗಟ್ಟಿಮುಟ್ಟಾಗಿದ್ದವರಿಗೆ ಕಟ್ಟಿದ ಹಣ ದಂಡ ಅನ್ನಿಸುತ್ತದೆ. ಹರ್ನಿಯಾ, ಕಲ್ಲು, ಹೃದಯದ ತೊಂದರೆ ಇದ್ದವರು ಮಾತ್ರ ವಂತಿಗೆ ತಪ್ಪಿಸುವುದಿಲ್ಲ. ವಂತಿಗೆ ಏರಿಸಿದರೆ ಬಡವ ಹೊರಗುಳಿಯುತ್ತಾನೆ, ಏರಿಸದಿದ್ದರೆ ಆಸ್ಪತ್ರೆಗಳ ಬಾಕಿ ಬೆಳೆಯುತ್ತದೆ. ಶ್ರೀಮಂತ ದೇಶಗಳೂ ಈ ಇಕ್ಕಟ್ಟು ಕಂಡಿವೆ. 1948ರಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ ಆರಂಭಿಸಿದ ಬ್ರಿಟನ್, 1951ರಲ್ಲೇ ಕಟ್ಟಿಸಿಕೊಳ್ಳುವ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಹೊರಟಿತು. ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಅದನ್ನು ಪ್ರತಿಭಟಿಸಿ ಮಂತ್ರಿಗಿರಿ ಬಿಟ್ಟರು.

ಹಣದ ಬೆನ್ನಿಗೇ ನೀತಿಯ ಪ್ರಶ್ನೆಯೂ ಬಂತು. ಕತ್ತರಿ ಹಾಕಿದರಷ್ಟೇ ದುಡ್ಡು ಅಂದಾಗ, ಕತ್ತರಿ ಬೇಕೇ ಬೇಡವೇ ಎಂದು ಹೇಳುವವರು ಯಾರು? ಯಶಸ್ವಿನಿಯಲ್ಲಿ ಆಪರೇಷನ್‌ಗೆ ಮುಂಚೆ ಅನುಮತಿ ಪಡೆಯಬೇಕಿತ್ತು. ಯೋಜನೆಗಳ ಹೊರಗೆ ಅಂಥ ತಡೆ ಇರಲಿಲ್ಲ. ಕಲಬುರಗಿಯ ಖಾಸಗಿ ಆಸ್ಪತ್ರೆಗಳಲ್ಲಿ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದ ಆರೋಪ 2015ರಲ್ಲಿ ರಾಜ್ಯದ ಗಮನ ಸೆಳೆಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ನೂರಾರು ಮಹಿಳೆಯರಿಂದ ಇದೇ ದೂರು ಬಂದಾಗ ಆರೋಪ ಸರ್ಕಾರಿ ಆಸ್ಪತ್ರೆಯ ಮೇಲೇ ಇತ್ತು.

2018ರಲ್ಲಿ ಯಶಸ್ವಿನಿ ನಿಂತು, ಅದರ ಜಾಗಕ್ಕೆ ಆರೋಗ್ಯ ಕರ್ನಾಟಕ ಬಂತು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಕೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಉಚಿತ, ಎಪಿಎಲ್‌ನವರಿಗೆ ಖರ್ಚಿನ ಶೇ 30 ಮಾತ್ರ ಸರ್ಕಾರದ್ದು. ತುರ್ತಿಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ. ತಿಳವಳ್ಳಿಯ ರೋಗಿಗೆ ಇದರರ್ಥ ಹಾನಗಲ್ ಅಥವಾ ಹಾವೇರಿ, ಆಮೇಲೆ ಹುಬ್ಬಳ್ಳಿ. ಬಸ್ ಚಾರ್ಜು, ಜತೆಗೆ ಹೋದವರ ಕೂಲಿ, ಊಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ಸೊಸೈಟಿ ಸದಸ್ಯರ ಒತ್ತಾಯಕ್ಕೆ ಯಶಸ್ವಿನಿ ಮರಳಿತು. ಪಕ್ಕದ ಶಿಗ್ಗಾಂವಿ ಕ್ಷೇತ್ರದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ನೋಂದಣಿ ಮತ್ತೆ ತೆರೆಯಿತು. 2023ರ ಜನವರಿಯಿಂದ ಚಿಕಿತ್ಸೆ ಶುರುವಾಯಿತು. ಈಗ ಲೆಕ್ಕ ತಲೆಗಲ್ಲ, ಮನೆಗೆ: ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪರಿಶಿಷ್ಟರ ಪಾಲು ಸರ್ಕಾರದ್ದು. ಬಿಪಿ, ಶುಗರ್ ಇದ್ದವರು ತಿಂಗಳು ತಿಂಗಳು ಔಷಧಿ ಅಂಗಡಿಗೆ ಕೊಡುವ ಹಣವನ್ನು ಮಾತ್ರ ಈ 500 ರೂಪಾಯಿ ಮುಟ್ಟುವುದಿಲ್ಲ.