ಕಳೆದ ಫೋನು, ಕೈ ಬದಲಿಸಿದ ಕಂಪನಿ

ಹಿಂದೆ ನಮ್ಮ ಊರುಗಳಲ್ಲಿ ಬೆಲೆಬಾಳುವ ಪದಾರ್ಥವೊಂದು ಕಳೆದುಹೋದರೆ ಮನೆಯವರು ಅಂಜನ ಹಾಕಿಸುತ್ತಿದ್ದರು. ಅಂಗೈಗೋ ವೀಳೆಯದೆಲೆಗೋ ಕಪ್ಪು ಬಳಿದು, ಎಳೆಯ ಹುಡುಗನೊಬ್ಬನನ್ನು ಮುಂದೆ ಕೂರಿಸಿ, “ಏನು ಕಾಣುತ್ತದೆ, ಹೇಳು ಮಗು” ಎಂದು ಕೇಳುವುದು ವಾಡಿಕೆ. ಹುಡುಗನಿಗೆ ತೆಂಗಿನ ತೋಟ ಕಾಣುತ್ತಿತ್ತು, ಕೆಂಪು ರುಮಾಲಿನ ಮನುಷ್ಯ ಕಾಣುತ್ತಿದ್ದ. ಪದಾರ್ಥ ಸಿಕ್ಕುತ್ತಿದ್ದುದು ಮಾತ್ರ ಅಪರೂಪ. ಇಂದು ಫೋನು ಕಳೆದುಕೊಂಡವರು ಪಕ್ಕದವರ ಫೋನನ್ನು ಇಸಿದುಕೊಂಡು ಅದರ ಗಾಜಿನ ಮೇಲೆ ಒಂದು ನಕ್ಷೆಯನ್ನು ತೆರೆಯುತ್ತಾರೆ. ಅಲ್ಲೊಂದು ಚುಕ್ಕೆ ಕಾಣುತ್ತದೆ. ಈ ಅಂಜನದಲ್ಲಿ ಕಾಣುವುದು ಬಹುಮಟ್ಟಿಗೆ ನಿಜ. ಈ ವಿದ್ಯೆ ನಮ್ಮ ಕಿಸೆಯವರೆಗೆ ಬಂದ ದಾರಿಯಲ್ಲಿ ಒಬ್ಬನೇ ಮನುಷ್ಯ ಕಟ್ಟಿದ ಎರಡು ಕಂಪನಿಗಳಿವೆ. ಎರಡನ್ನೂ ದೊಡ್ಡ ಧಣಿಗಳು ಕೊಂಡರು. ಒಂದು ಹೇಳಹೆಸರಿಲ್ಲದೆ ಹೋಯಿತು, ಇನ್ನೊಂದು ಜಗತ್ತನ್ನೇ ಆವರಿಸಿತು. ಆ ಕತೆಯನ್ನು ನಿಮ್ಮ ಮುಂದಿಡುವ ಉದ್ದೇಶ ನನ್ನದು.

ಆ ಮನುಷ್ಯ ಅಮೆರಿಕದ ಆ್ಯಂಡಿ ರೂಬಿನ್. ಯಂತ್ರಮಾನವರ ಮೇಲೆ ಆತನಿಗೆ ಎಷ್ಟು ಮೋಹವೆಂದರೆ, ಆಪಲ್ ಕಂಪನಿಯಲ್ಲಿದ್ದಾಗ ಜೊತೆಗಾರರು ಆತನನ್ನು ‘ಆಂಡ್ರಾಯ್ಡ್’ ಎಂದೇ ಕರೆಯುತ್ತಿದ್ದರಂತೆ. 2000ದ ಸುಮಾರಿಗೆ ಆತ ಇಬ್ಬರು ಗೆಳೆಯರೊಡನೆ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಒಂದು ಕಂಪನಿ ತೆರೆದ. ಅದಕ್ಕೆ ಇಟ್ಟ ಹೆಸರು ‘ಡೇಂಜರ್’. ಅಪಾಯವೆಂದು ಹೆಸರಿಟ್ಟುಕೊಂಡು ವ್ಯಾಪಾರಕ್ಕಿಳಿಯುವ ಧೈರ್ಯ ನಮ್ಮ ಚಿಕ್ಕಪೇಟೆಯ ವರ್ತಕರಿಗಂತೂ ಬಾರದು! ಆ ಕಂಪನಿಯ ಫೋನು 2002ರಲ್ಲಿ ‘ಸೈಡ್‌ಕಿಕ್’ ಎಂಬ ಹೆಸರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಪರದೆಯನ್ನು ತಿರುಗಿಸಿದರೆ ಕೆಳಗೆ ಅಕ್ಷರಗಳ ಗುಂಡಿಗಳು ಕಾಣಿಸುತ್ತಿದ್ದವು. ಹುಡುಗ ಹುಡುಗಿಯರಿಗೆ ಅದು ಬಲು ಮೆಚ್ಚುಗೆಯಾಯಿತು. ಆದರೆ ಅದರ ನಿಜವಾದ ಹೊಸತನ ಕಣ್ಣಿಗೆ ಕಾಣದ ಕಡೆ ಇತ್ತು. ನೀವು ತೆಗೆದ ಚಿತ್ರ, ಬರೆದ ಕಾಗದ, ವಿಳಾಸಗಳ ಪಟ್ಟಿ, ಇವುಗಳ ಪ್ರತಿ ದೂರದಲ್ಲಿದ್ದ ಕಂಪನಿಯ ಗಣಕಗಳಲ್ಲಿ ತಾನಾಗಿಯೇ ಸಂಗ್ರಹವಾಗುತ್ತಿತ್ತು. ಫೋನು ಹೋದರೆ ಹೋಗಲಿ, ಅದರೊಳಗಿನ ಸರಕು ಹೋಗದು.

ಈ ಏರ್ಪಾಟು ಎಂಥ ಕೆಲಸ ಮಾಡೀತೆಂಬುದು 2006ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಗೊತ್ತಾಯಿತು. ಒಬ್ಬಾಕೆ ತನ್ನ ಸೈಡ್‌ಕಿಕ್ ಫೋನನ್ನು ಬಾಡಿಗೆ ಮೋಟಾರಿನಲ್ಲಿ ಮರೆತು ಇಳಿದಳು. ಅದರಲ್ಲಿ ಅವಳ ಮದುವೆಯ ಸಿದ್ಧತೆಯ ವಿವರಗಳಿದ್ದವು. ಅವಳು ಹೊಸದೊಂದನ್ನು ಕೊಂಡಾಗ ಕಂಪನಿಯ ಗಣಕದಲ್ಲಿದ್ದುದೆಲ್ಲ ಅದಕ್ಕೆ ಹರಿದು ಬಂತು. ಅದರ ಜೊತೆಯಲ್ಲಿ ಅವಳದಲ್ಲದ ಚಿತ್ರಗಳೂ ಬಂದವು! ಹಳೆಯ ಫೋನು ಯಾರ ಕೈ ಸೇರಿತ್ತೋ ಆ ಹುಡುಗಿ ತನ್ನ ಚಿತ್ರಗಳನ್ನು ತೆಗೆದುಕೊಂಡಿದ್ದಳು. ಅವೆಲ್ಲ ಅದೇ ಉಗ್ರಾಣಕ್ಕೆ ಹೋಗಿ ಸೇರಿದ್ದವು. ಕೇಳಿದರೆ ಹುಡುಗಿ ಕೊಡಲೊಪ್ಪಲಿಲ್ಲ. ಕಳೆದುಕೊಂಡಾಕೆಯ ಸ್ನೇಹಿತನೊಬ್ಬ ಈ ಸಂಗತಿಯನ್ನು ಅಂತರ್ಜಾಲದಲ್ಲಿ ಬರೆದ. ಅಪಾರ ಜನ ಓದಿದರು. ಪೋಲೀಸರು ಮೊದಲು ‘ಕಳೆದುಹೋದ ವಸ್ತು’ ಎಂದು ದಾಖಲು ಮಾಡಿದ್ದವರು, ಜನರ ಒತ್ತಾಯಕ್ಕೆ ಮಣಿದು ‘ಕಳವು’ ಎಂದು ತಿದ್ದಿದರು. ಫೋನು ಮರಳಿತು, ಹುಡುಗಿಯ ಮೇಲೆ ಮೊಕದ್ದಮೆ ನಡೆಸುವುದು ಮಾತ್ರ ಬೇಡವೆಂದು ಒಡತಿ ಬಿಟ್ಟುಬಿಟ್ಟಳು. ಆ ಫೋನು ಎಲ್ಲಿದೆಯೆಂದು ತೋರಿಸುವ ನಕ್ಷೆ ಯಾವುದೂ ಇರಲಿಲ್ಲವೆಂಬುದನ್ನು ಗಮನಿಸಿ. ಅದನ್ನು ಹಿಡಿದುಕೊಟ್ಟದ್ದು ದೂರದ ಗಣಕದ ನೆನಪು, ಜೊತೆಗೆ ಊರ ಜನರ ಬಾಯಿ. ಅಪ್ರಾಪ್ತ ಹುಡುಗಿಯೊಬ್ಬಳ ಮುಖವನ್ನು ಲೋಕಕ್ಕೆಲ್ಲ ತೋರಿಸಿ ಫೋನು ಪಡೆದದ್ದು ಸರಿಯೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ನನ್ನ ಮಟ್ಟಿಗೆ ಆ ಫೋನಿನ ಬೆಲೆಗಿಂತ ತೆತ್ತ ಬೆಲೆಯೇ ಹೆಚ್ಚಾಯಿತೆಂದು ತೋರುತ್ತದೆ.

ಇನ್ನು ಒಡೆತನದ ವಿಚಾರ. 2008ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಡೇಂಜರನ್ನು ಕೊಂಡಿತು. ಆ ವೇಳೆಗೆ ರೂಬಿನ್ ಅಲ್ಲಿರಲಿಲ್ಲ. ಹೊಸ ಧಣಿಗೆ ಹಳೆಯ ಫೋನಿನ ಮೇಲೆ ಆಸ್ಥೆ ಕಡಮೆ. ಕೊಂಡ ಜನರಿಂದ ತನ್ನದೇ ತಂತ್ರಾಂಶದ ಮೇಲೆ ಬೇರೊಂದು ಫೋನನ್ನು ಕಟ್ಟಿಸುವ ಆಸೆ. 2009ರ ಅಕ್ಟೋಬರಿನಲ್ಲಿ ಆ ಉಗ್ರಾಣದ ಗಣಕಗಳೇ ಕೆಟ್ಟು ಕುಳಿತವು. ಸೈಡ್‌ಕಿಕ್ ಬಳಸುತ್ತಿದ್ದವರಿಗೆ, ನಿಮ್ಮ ವಿಳಾಸ, ಚಿತ್ರ, ದಿನಚರಿಗಳು ಬಹುಶಃ ಮರಳಿ ಬಾರವು ಎಂಬ ತಿಳಿವಳಿಕೆ ಹೋಯಿತು. ಕೆಲವು ದಿನಗಳ ತರುವಾಯ ಬಹುಪಾಲು ಸಿಕ್ಕಿತೆಂದರೂ ಹೋದ ನಂಬಿಕೆ ಸಿಕ್ಕಲಿಲ್ಲ. 2010ರ ಮೇ ತಿಂಗಳಿನಲ್ಲಿ ‘ಕಿನ್’ ಎಂಬ ಹೊಸ ಫೋನು ಅಂಗಡಿಗೆ ಬಂತು. ಎರಡು ತಿಂಗಳು ತುಂಬುವ ಮೊದಲೇ, ಜೂನ್ ಮುಗಿಯುವಷ್ಟರಲ್ಲಿ, ಕಂಪನಿಯೇ ಅದನ್ನು ಕೈಬಿಟ್ಟಿತು. 2011ರ ಮೇ 31ಕ್ಕೆ ಡೇಂಜರ್ ಸೇವೆಯ ದೀಪವೂ ಆರಿತು. ಒಬ್ಬ ಮಹಿಳೆಗೆ ಫೋನನ್ನು ಮರಳಿಸಿದ ಅದೇ ಏರ್ಪಾಟು, ಯಜಮಾನ ಬದಲಾಗಿ ಲಕ್ಷ್ಯ ತಪ್ಪಿದಾಗ, ಊರಿಗೆ ಊರೇ ನೆನಪು ಕಳೆದುಕೊಳ್ಳುವಂತೆ ಮಾಡಿತ್ತು.

ಇತ್ತ ರೂಬಿನ್ ಸುಮ್ಮನೆ ಕೂತಿರಲಿಲ್ಲ. 2003ರ ಅಕ್ಟೋಬರಿನಲ್ಲಿ ರಿಚ್ ಮೈನರ್, ನಿಕ್ ಸಿಯರ್ಸ್, ಕ್ರಿಸ್ ವೈಟ್ ಎಂಬವರೊಡನೆ ಸೇರಿ ಇನ್ನೊಂದು ಕಂಪನಿ ಕಟ್ಟಿದ. ಈ ಸಲ ತನ್ನ ಅಡ್ಡಹೆಸರನ್ನೇ ಅದಕ್ಕಿಟ್ಟ: ಆಂಡ್ರಾಯ್ಡ್. ಮೊದಲು ಅವರು ಹೊರಟದ್ದು ಫೋನಿಗಾಗಿ ಅಲ್ಲ, ಕ್ಯಾಮರಾಗಳಿಗೆ ತಂತ್ರಾಂಶ ಬರೆಯಲು. ಕ್ಯಾಮರಾ ಮಾರುಕಟ್ಟೆ ಸಣ್ಣದೆಂದು ಕಂಡುಬಂದದ್ದರಿಂದ ಫೋನಿನ ಕಡೆ ತಿರುಗಿದರು. ಕೈಯಲ್ಲಿ ಕಾಸಿರಲಿಲ್ಲ. ಸ್ಟೀವ್ ಪರ್ಲ್‌ಮನ್ ಎಂಬ ಹಳೆಯ ಗೆಳೆಯ 10,000 ಡಾಲರ್ ನಗದನ್ನು ಲಕೋಟೆಯಲ್ಲಿ ತಂದುಕೊಟ್ಟನಂತೆ. ಕಂಪನಿಯಲ್ಲಿ ಪಾಲು ಬೇಡವೆಂದನಂತೆ. ಆ ಪಾಲನ್ನು ಆತ ತೆಗೆದುಕೊಂಡಿದ್ದರೆ ಎಂದು ಲೆಕ್ಕ ಹಾಕುವ ಚಪಲ ನಿಮಗೂ ಬರಬಹುದು; ಬೇಡ, ನಿದ್ರೆ ಕೆಡುತ್ತದೆ.

ಗೂಗಲ್ ಕಂಪನಿಯ ಲ್ಯಾರಿ ಪೇಜ್ ಮತ್ತು ಸರ್ಗೇಯ್ ಬ್ರಿನ್ 2002ರಲ್ಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೂಬಿನ್ ಮಾಡಿದ ಭಾಷಣ ಕೇಳಿದ್ದರು. ಸೈಡ್‌ಕಿಕ್ ಫೋನಿನಲ್ಲಿ ಹುಡುಕಾಟಕ್ಕೆ ತಮ್ಮ ಗೂಗಲ್ಲೇ ಇರುವುದನ್ನು ಕಂಡಿದ್ದರು. 2005ರ ಜುಲೈ ತಿಂಗಳಿನಲ್ಲಿ ಗೂಗಲ್ ಆಂಡ್ರಾಯ್ಡನ್ನು ಸದ್ದಿಲ್ಲದೆ ಕೊಂಡಿತು. ಕ್ರಯವನ್ನು ಆಗ ಸಾರಲಿಲ್ಲ. ಕನಿಷ್ಠ 5 ಕೋಟಿ ಡಾಲರ್ ಎಂದು ತರುವಾಯ ವರದಿಯಾಯಿತು. ತನಗೆ ದಕ್ಕಿದ ಅತ್ಯುತ್ತಮ ಖರೀದಿ ಇದೇ ಎಂದು 2010ರಲ್ಲಿ ಆ ಕಂಪನಿಯ ಅಧಿಕಾರಿಯೊಬ್ಬರು ಬಾಯಿಬಿಟ್ಟು ಹೇಳಿದರು.

ಇಲ್ಲಿ ಹೊಸ ಧಣಿ ಮಾಡಿದ ಮೊದಲ ಒಳ್ಳೆಯ ಕೆಲಸ, ಕೊಂಡ ತಂಡವನ್ನು ಚೆದುರಿಸದೆ ಇದ್ದದ್ದು. ರೂಬಿನ್‌ನ ಕೈಗೇ ಹೊಣೆ ಉಳಿಯಿತು. 2007ರ ಜನವರಿಯಲ್ಲಿ ಆಪಲ್ ಕಂಪನಿ ಐಫೋನನ್ನು ತೋರಿಸಿದಾಗ ಆಂಡ್ರಾಯ್ಡ್ ತಂಡದವರು ಗುಂಡಿಗಳ ಫೋನೊಂದನ್ನು ಸಿದ್ಧಮಾಡುತ್ತಿದ್ದರು. ಅದನ್ನು ಹಿಂದಕ್ಕೆ ತಳ್ಳಿ, ಬೆರಳಿನಿಂದ ಮುಟ್ಟಿ ನಡೆಸುವ ಪರದೆಯ ಫೋನಿಗೆ ಕೈಹಾಕಿದರು. ಅವಸರಪಡಿಸದೆ ಕಾಯುವಷ್ಟು ಹಣ ಧಣಿಯ ಬಳಿ ಇತ್ತು. 2008ರ ಅಕ್ಟೋಬರಿನಲ್ಲಿ ತೈವಾನಿನ ಎಚ್‌ಟಿಸಿ ತಯಾರಿಸಿದ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದನ್ನು ಮಾರಿದವರು ಸೈಡ್‌ಕಿಕ್ ಮಾರುತ್ತಿದ್ದ ಟಿ-ಮೊಬೈಲ್‌ನವರೇ ಎಂಬುದು ವಿಧಿಯ ವಿನೋದ.

ಗೂಗಲ್ ಈ ತಂತ್ರಾಂಶಕ್ಕೆ ಕಾಸು ಕೇಳಲಿಲ್ಲ. ಯಾವ ಕಾರ್ಖಾನೆಯವರಾದರೂ ತಂದು ತಮ್ಮ ಫೋನಿಗೆ ಹಾಕಿಕೊಳ್ಳಬಹುದಾಗಿತ್ತು. ಧರ್ಮಛತ್ರವೆಂದು ತಿಳಿಯಬೇಡಿ. ಬಾಗಿಲು ತೆರೆದಿಟ್ಟವನಿಗೆ ಒಳಗೆ ಬಂದವರು ಹುಡುಕುವ ಪ್ರತಿಯೊಂದು ಮಾತಿನಿಂದಲೂ ಜಾಹೀರಾತಿನ ವರಮಾನವಿತ್ತು. ಪುಕ್ಕಟೆಯ ದೆಸೆಯಿಂದ ಅಗ್ಗದ ಫೋನುಗಳು ಬಂದವು, ನಮ್ಮ ಸಂತೆಪೇಟೆಗಳಿಗೂ ಬಂದವು. ಮೊದಮೊದಲು ಅವುಗಳಲ್ಲಿ ಕನ್ನಡ ಓದಲು ಬಾರದೆ ಬರಿಯ ಚೌಕಗಳು ಕಾಣುತ್ತಿದ್ದವು. 2012ರ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳೂ ಸೇರಿದಂತೆ ಲಿಪಿಗೆ ಎಡೆ ದೊರೆಯಿತು. 2013ರಲ್ಲಿ ಹೊಣೆ ರೂಬಿನ್‌ನಿಂದ ಸುಂದರ್ ಪಿಚೈ ಅವರಿಗೆ ಬಂತು. 2014ರಲ್ಲಿ 100 ಕೋಟಿ, 2017ರಲ್ಲಿ 200 ಕೋಟಿ, 2021ರಲ್ಲಿ 300 ಕೋಟಿ ಸಾಧನಗಳು ಬಳಕೆಯಲ್ಲಿರುವುದಾಗಿ ಕಂಪನಿ ಹೇಳಿಕೊಂಡಿತು. ಬೆಳವಣಿಗೆ ಇಷ್ಟಾದಾಗ ತಗಾದೆಯೂ ಬಾರದಿರದು. ಮಾರುಕಟ್ಟೆಯ ಮೇಲಿನ ಹಿಡಿತವನ್ನು ದುರುಪಯೋಗಪಡಿಸಿಕೊಂಡಿತೆಂದು 2018ರಲ್ಲಿ ಯೂರೋಪಿನ ಆಯೋಗ 434 ಕೋಟಿ ಯೂರೋ, 2022ರಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ 1,337.76 ಕೋಟಿ ರೂಪಾಯಿ ದಂಡ ವಿಧಿಸಿದವು.

ಕಳೆದ ಫೋನನ್ನು ಹುಡುಕುವ ಅನುಕೂಲ ಈ ಬೆಳವಣಿಗೆಯಲ್ಲಿ ತಡವಾಗಿ ಬಂದ ಕೂಸು. ಆಪಲ್ 2009ರಲ್ಲೇ ಇದನ್ನು ಕೊಟ್ಟಿತ್ತು. 2010ರಲ್ಲಿ ಅದೇ ಕಂಪನಿಯ ನೌಕರನೊಬ್ಬ ಇನ್ನೂ ಬಿಡುಗಡೆಯಾಗದ ಐಫೋನನ್ನು ಪಾನಗೃಹದಲ್ಲಿ ಮರೆತು ಬಂದಾಗ ಕಂಪನಿಯವರು ದೂರದಿಂದಲೇ ಅದನ್ನು ನಿಷ್ಕ್ರಿಯಗೊಳಿಸಿದರು. ಆದರೂ ಅದು 5,000 ಡಾಲರಿಗೆ ಪತ್ರಕರ್ತರ ಕೈಸೇರಿ ಅದರ ಚಿತ್ರಗಳು ಲೋಕಕ್ಕೆಲ್ಲ ಕಂಡವು. ಬೀಗ ಹಾಕುವುದೇ ಬೇರೆ, ಮರಳಿ ಪಡೆಯುವುದೇ ಬೇರೆ. ಆಂಡ್ರಾಯ್ಡಿಗೆ ಗೂಗಲ್ ಈ ಸೌಕರ್ಯ ಒದಗಿಸಿದ್ದು 2013ರ ಆಗಸ್ಟಿನಲ್ಲಿ. ಮನೆಯಲ್ಲೇ ಹಾಸಿಗೆಯ ಸಂದಿಯಲ್ಲಿದ್ದರೆ ಗಂಟೆ ಬಾರಿಸಬಹುದು, ಹೊರಗಿದ್ದರೆ ನಕ್ಷೆಯಲ್ಲಿ ನೋಡಬಹುದು, ಆಸೆ ಬಿಟ್ಟರೆ ಒಳಗಿನದನ್ನೆಲ್ಲ ಅಳಿಸಬಹುದು. 2015ರಲ್ಲಿ ಇನ್ನೊಂದು ಬಿಗಿ ಬಂತು: ಕದ್ದವನು ಎಲ್ಲವನ್ನೂ ಅಳಿಸಿದರೂ ಹಳೆಯ ಒಡೆಯನ ಗುಪ್ತಪದವಿಲ್ಲದೆ ಫೋನು ಕೆಲಸಕ್ಕೆ ಬಾರದು.

ಫೋನು ತಾನಿರುವ ಜಾಗವನ್ನು ಅರಿಯುವುದು ಆಕಾಶದ ಉಪಗ್ರಹಗಳಿಂದ, ಸುತ್ತಲಿನ ಗೋಪುರಗಳಿಂದ, ನೆರೆಯ ವೈಫೈ ಪೆಟ್ಟಿಗೆಗಳಿಂದ. ಅರಿತದ್ದನ್ನು ತಿಳಿಸಲು ಅದಕ್ಕೆ ಅಂತರ್ಜಾಲದ ಸಂಪರ್ಕ ಬೇಕು. ಕಳ್ಳ ಮೊದಲು ಮಾಡುವ ಕೆಲಸವೇ ಸಿಮ್ ಕಿತ್ತೆಸೆಯುವುದು. ಇದಕ್ಕೆ ಕಂಡುಕೊಂಡ ಉಪಾಯ ನಿಜಕ್ಕೂ ಸೋಜಿಗದ್ದು. ಕಳೆದ ಫೋನು ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೋ ಅಲೆಯಲ್ಲಿ ಮೆಲ್ಲಗೆ ಕೂಗುತ್ತಿರುತ್ತದೆ. ಹಾದುಹೋಗುವ ಅಪರಿಚಿತರ ಫೋನುಗಳು ಆ ಕೂಗನ್ನು ಕೇಳಿ, ಕೇಳಿದ ಜಾಗವನ್ನು ಸಂಕೇತಭಾಷೆಯಲ್ಲಿ ಬರೆದು ಕಂಪನಿಗೆ ಕಳಿಸುತ್ತವೆ. ಬಿಡಿಸಿ ಓದುವ ಕೀಲಿ ಒಡೆಯನ ಬಳಿ ಮಾತ್ರ. ಆಪಲ್ ಇದನ್ನು 2019ರಲ್ಲೂ, ಗೂಗಲ್ 2024ರ ಏಪ್ರಿಲ್‌ನಲ್ಲೂ ಆರಂಭಿಸಿದವು. ಗೂಗಲ್ ಒಂದು ಹೆಚ್ಚಿನ ಎಚ್ಚರ ವಹಿಸಿತು: ಬಳಸುವವರು ಬೇರೆ ಆರಿಸಿಕೊಳ್ಳದಿದ್ದರೆ, ಒಂದೇ ಫೋನಿನ ಸಾಕ್ಷಿ ಸಾಲದು, ಹಲವು ಫೋನುಗಳು ಕೇಳಿದ್ದರೆ ಮಾತ್ರ ಜಾಗ ತೋರಿಸುವುದೆಂದಿತು. ಹುಡುಕಾಟ ನಿಧಾನವೆಂದು ಜನ ಗೊಣಗಿದರು. ಆದರೆ ಹೆಂಡತಿಯ ಚೀಲದಲ್ಲಿ ಗುಟ್ಟಾಗಿ ಬಿಲ್ಲೆ ಇಟ್ಟು ಅವಳ ಬೆನ್ನುಹತ್ತುವ ಗಂಡನಿಗೂ ಇದೇ ವಿದ್ಯೆ ನೆರವಾಗುತ್ತದಲ್ಲವೇ? ಕಳೆದದ್ದನ್ನು ಹುಡುಕುವ ಕಣ್ಣು, ಕಳೆಯದವರನ್ನೂ ನೋಡುತ್ತಲೇ ಇರುತ್ತದೆ. ಗೊಣಗಾಟ ಸಹಿಸಿ ನಿಧಾನವನ್ನೇ ಆರಿಸಿಕೊಂಡದ್ದು ನನಗೆ ಒಪ್ಪಿಗೆ.

ನಮ್ಮ ದೇಶದಲ್ಲಿ ಸರ್ಕಾರವೂ ಈ ಕೆಲಸಕ್ಕೆ ಕೈಹಾಕಿತು. 2023ರ ಮೇ ತಿಂಗಳಿನಲ್ಲಿ ದೂರಸಂಪರ್ಕ ಇಲಾಖೆ ‘ಸಂಚಾರ್ ಸಾಥಿ’ ಎಂಬ ವ್ಯವಸ್ಥೆಯನ್ನು ದೇಶಕ್ಕೆಲ್ಲ ತೆರೆಯಿತು. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಗುರುತಿದೆ. ಪೋಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಆ ಅಂಕಿಯನ್ನು ಅಲ್ಲಿ ದಾಖಲಿಸಿದರೆ, ಆ ಫೋನಿಗೆ ದೇಶದ ಯಾವ ಕಂಪನಿಯ ಸಂಪರ್ಕವೂ ದೊರೆಯದಂತೆ ತಡೆಯಬಹುದು. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಸುದ್ದಿ ಪೋಲೀಸರಿಗೆ ತಲುಪುತ್ತದೆ. ನಮ್ಮ ಜಿಲ್ಲಾ ಪೋಲೀಸ್ ಕಚೇರಿಗಳಲ್ಲಿ ಮೇಜಿನ ಮೇಲೆ ಫೋನುಗಳನ್ನು ಸಾಲಾಗಿ ಜೋಡಿಸಿ ಒಡೆಯರಿಗೆ ಹಂಚುವ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿದ್ದೀರಿ. ಆದರೆ ಅದೇ ಇಲಾಖೆ ಈ ತಂತ್ರಾಂಶವನ್ನು ಹೊಸ ಫೋನುಗಳಲ್ಲೆಲ್ಲ ಕಡ್ಡಾಯವಾಗಿ ತುಂಬಿಸಬೇಕೆಂದು ಅಪ್ಪಣೆ ಮಾಡಿದ್ದು 2025ರ ಡಿಸೆಂಬರ್ ಮೊದಲಲ್ಲಿ ಬಯಲಾದಾಗ ದೊಡ್ಡ ವಿರೋಧವೆದ್ದು, ಕೆಲವೇ ದಿನಗಳಲ್ಲಿ ಅಪ್ಪಣೆ ಹಿಂದಕ್ಕೆ ಹೋಯಿತು. ಬೇಕೆಂದವರು ತಾವಾಗಿ ಹಾಕಿಕೊಂಡರೆ ನೆರವು. ಬೇಡವೆನ್ನಲು ಬಾರದಂತಾದರೆ ಅದೇ ಕಾವಲು. ಜನ ಈ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದರು.

ಆ 15 ಅಂಕಿ ಫೋನಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಪೆಟ್ಟಿಗೆಯನ್ನು ಹಳೆಯ ಪೇಪರಿನವನಿಗೆ ಹಾಕಿದ್ದರೆ, ಫೋನಿನಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ. ಪರದೆಯ ಮೇಲೆ ಮೂಡುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಅವನ್ನು ಫೋನಿನಲ್ಲೇ ಬರೆದಿಡುವವರೂ ಇದ್ದಾರೆ! ಹಾಲಿನವನ ಲೆಕ್ಕದ ಪುಸ್ತಕದ ಕೊನೆಯ ಹಾಳೆ ಅದಕ್ಕಿಂತ ವಾಸಿ.