ಕಾಲುವೆ ತೋಡಿದ್ದು ಇಲಾಖೆ, ನೀರು ಮುಟ್ಟಿದ್ದು ಯಾರಿಗೆ?

ನಮ್ಮ ಕನ್ನಡ ಶಾಲೆಗಳ ಮಕ್ಕಳನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಯಾರು ಎಂದು ಕೇಳಿ ನೋಡಿ. "ಕನ್ನಂಬಾಡಿ ಕಟ್ಟೆ ಕಟ್ಟಿದವರು ಸರ್" ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ತಪ್ಪೇನಿಲ್ಲ. ಆದರೆ ಮೈಸೂರಿಗೆ ಹೋಗುವ ಮುಂಚೆ ಅವರು 24 ವರ್ಷ ನೌಕರಿ ಮಾಡಿದ್ದು ಆಗಿನ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ. ಈಗ ನಾವು 'ಬಾಂಧಕಾಮ' ಎಂದೂ 'ಪಾಟಬಂಧಾರೆ' ಎಂದೂ ಕರೆಯುವ ಎರಡೂ ಖಾತೆಗಳು ಆಗ ಆ ಒಂದೇ ಇಲಾಖೆಯೊಳಗಿದ್ದವು. ಗಡಿಯಾಚೆ ಇರುವ ನಮಗೆ ಕನ್ನಂಬಾಡಿಗಿಂತ ಹತ್ತಿರದ ಕಥೆ ಇದು. ಅದಕ್ಕೇ ಈ ಸಲ ಇದನ್ನೇ ಬರೆಯೋಣವೆಂದು ಕುಳಿತಿದ್ದೇವೆ.

ಸೊಲ್ಲಾಪುರದ ನೆಲಕ್ಕೆ ಕೆರೆಗಳ ನೆನಪು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ. ಮಣ್ಣು ಹೊರುವ ಕೆಲಸವನ್ನೇ ಶಿವಪೂಜೆ ಎಂದು ತಿಳಿದಿದ್ದ ಆತನನ್ನು ಅಲ್ಲಮಪ್ರಭು 'ಒಡ್ಡರಾಮ' ಎಂದು ಛೇಡಿಸಿದ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆ ಕೆರೆ ಇಂದಿಗೂ ಊರ ನಡುವೆ ಇದೆ. ಕಟ್ಟಿದವರೂ ನೀರು ಬಳಸಿದವರೂ ಒಂದೇ ಊರಿನವರಾಗಿದ್ದರಿಂದ ನೀರು ಯಾರಿಗೆ ಎಷ್ಟು ಎಂದು ಕೇಳಲು ಅರ್ಜಿ ಹಿಡಿದು ಬೇರೆ ಊರಿಗೆ ಹೋಗಬೇಕಾಗಿರಲಿಲ್ಲ.

ಇಂಗ್ಲಿಷರ ಕಾಲಕ್ಕೆ ಇದು ಬದಲಾಯಿತು. ಮೊದಮೊದಲು ರಸ್ತೆ, ಸೇತುವೆ, ಕಟ್ಟಡಗಳೆಲ್ಲ ಮಿಲಿಟರಿ ಬೋರ್ಡಿನ ಕೈಯಲ್ಲಿದ್ದವು. ಸೈನ್ಯದ ಲೆಕ್ಕ ನೋಡುವವರಿಗೇ ಸೇತುವೆಯ ಚಿಂತೆಯೂ ಬಿದ್ದರೆ ಏನಾದೀತು? ಕಾಗದ ಓಡಾಡಿತು, ಕೆಲಸ ಓಡಾಡಲಿಲ್ಲ. ಗವರ್ನರ್ ಜನರಲ್ ಡಾಲ್‌ಹೌಸಿ 1850ರ ದಶಕದಲ್ಲಿ ಆ ವ್ಯವಸ್ಥೆ ತೆಗೆದುಹಾಕಿ ಲೋಕೋಪಯೋಗಿ ಇಲಾಖೆಯನ್ನೇ ಬೇರೆ ಮಾಡಿದ. ಇಲಾಖೆಗೆ ಕೆಳದರ್ಜೆಯ ನೌಕರರನ್ನು ತಯಾರು ಮಾಡಲು 1854ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ತರಗತಿ ತೆರೆದರು. ಅದು ಮುಂದೆ ಕಾಲೇಜಾಗಿ ಬೆಳೆಯಿತು. ಕೋಲಾರದ ಕಡೆಯ ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯ, ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದು ಇಂಜಿನಿಯರಿಂಗ್ ಕಲಿತದ್ದು ಅಲ್ಲೇ.

ಹೊಸ ಇಲಾಖೆ ಕಟ್ಟುವುದರಲ್ಲೇನೂ ಹಿಂದೆ ಬೀಳಲಿಲ್ಲ. ಸೊಲ್ಲಾಪುರದ ಪಕ್ಕದ ಏಕರುಖ ಕೆರೆಯನ್ನೇ ನೋಡಿ, ನಮ್ಮ ಜನ ಹಿಪ್ಪರಗಿ ಕೆರೆ ಎನ್ನುವುದು ಇದನ್ನೇ. ಎರಡು ಕಿಲೋಮೀಟರಿಗೂ ಉದ್ದನೆಯ ಮಣ್ಣಿನ ಏರಿ, ಸುಮಾರು 21 ಮೀಟರ್ ಎತ್ತರ. 1871ರಲ್ಲಿ ಕೆಲಸ ಮುಗಿಯಿತು. 1876ರಿಂದ 78ರ ಭೀಕರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ಇನ್ನಷ್ಟು ಕೆರೆ ಕಾಲುವೆಗಳು ಶುರುವಾದವು. ಪುಣೆ ಜಿಲ್ಲೆಯ ನೀರಾ ಎಡದಂಡೆ ಕಾಲುವೆಯೂ ಆ ಕಾಲದ್ದೇ. ಅದು ಬಾರಾಮತಿ ದಾಟಿ ನಮ್ಮ ಜಿಲ್ಲೆಗೆ ಹೊಂದಿದ ಇಂದಾಪುರ ತಾಲೂಕಿನವರೆಗೆ ಬರುತ್ತದೆ.

ಆದರೆ ಕಾಲುವೆಯಲ್ಲಿ ನೀರು ಹರಿದರೂ ರೈತ ತೆಗೆದುಕೊಳ್ಳಲಿಲ್ಲ! ಇಲಾಖೆಯವರು ಇದನ್ನು ರೈತರ ಅಜ್ಞಾನ ಎಂದರು. ನಮಗೆ ಹಾಗೆ ಅನಿಸುವುದಿಲ್ಲ. ಎರೆಭೂಮಿಯ ಗುಣ ಬಲ್ಲವರಿಗೆ ಇದು ತಿಳಿಯುತ್ತದೆ. ಒಂದೆರಡು ಹದವಾದ ಮಳೆ ಬಿದ್ದರೆ ಆ ತೇವದಲ್ಲೇ ಹಿಂಗಾರಿ ಬಿಳಿಜೋಳ ಬೆಳೆದು ಬರುತ್ತದೆ. ಅಂಥ ವರ್ಷ ದುಡ್ಡು ಕೊಟ್ಟು ಕಾಲುವೆ ನೀರು ಯಾಕೆ ಕೊಳ್ಳಬೇಕು? ಮಳೆ ಕೈಕೊಟ್ಟ ವರ್ಷ ಮಾತ್ರ ಎಲ್ಲರೂ ಒಮ್ಮೆಲೇ ಅರ್ಜಿ ಹಿಡಿದು ಓಡುತ್ತಿದ್ದರು. ಆಗ ನೀರು ಸಾಲದು. ಅರ್ಜಿ ಪ್ರತಿ ಹಂಗಾಮಿಗೂ ಹೊಸದು, ಮಂಜೂರಿ ಸಿಗುವುದು ಖಾತ್ರಿಯಿಲ್ಲ. ಯಾರ ಹೊಲಕ್ಕೆ ಮೊದಲು ನೀರು ಎಂಬುದು ಕಾಲುವೆಯ ಸಣ್ಣ ನೌಕರನ ಕೈಯಲ್ಲಿ. ಅಲ್ಲಿ ಏನೇನು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಡೆ ಕಾಲುವೆಯ ತಲೆಯಲ್ಲಿದ್ದ ಊರುಗಳು ಕಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಬಿಟ್ಟುಕೊಂಡು ಜೌಗು ಮಾಡಿಕೊಂಡವು. ಕಬ್ಬಿನ ಹೊಲಗಳು ಅಲ್ಲೊಂದು ಇಲ್ಲೊಂದು. ಒಂದೇ ಹೊಲಕ್ಕೆಂದು ಮೈಲುಗಟ್ಟಲೆ ನೀರು ಹರಿಸಿದರೆ ಅರ್ಧ ದಾರಿಯಲ್ಲೇ ಇಂಗುತ್ತದೆ. ಬಾಲದ ಊರುಗಳಿಗೆ ಒಣ ಕಾಲುವೆ. 1901ರಲ್ಲಿ ನೇಮಕವಾದ ಭಾರತ ನೀರಾವರಿ ಆಯೋಗದ ಮುಂದೆ ಮುಂಬಯಿ ಪ್ರಾಂತದ ಕಾಲುವೆಗಳ ಲೆಕ್ಕ ಬಂದಾಗ, ಹಾಕಿದ ಬಂಡವಾಳಕ್ಕೆ ತಕ್ಕ ಆದಾಯವೇ ಇಲ್ಲ ಎಂಬ ಟೀಕೆ ಬಂತು.

ಆಗ ಪರಿಹಾರ ಸೂಚಿಸುವ ಕೆಲಸ ವಿಶ್ವೇಶ್ವರಯ್ಯನವರ ಪಾಲಿಗೆ ಬಂತು. ಹೊಸ ಅಣೆಕಟ್ಟು ಬೇಕೆಂದು ಅವರು ಕೇಳಲಿಲ್ಲ. ಇದ್ದ ನೀರನ್ನೇ ಹಂಚುವ ಕ್ರಮ ಬದಲಿಸಬೇಕೆಂದರು. ಅದೇ 'ಬ್ಲಾಕ್ ಪದ್ಧತಿ'. ಪ್ರತಿ ಊರಿನಲ್ಲೂ ಒಳ್ಳೆಯ ಮಣ್ಣಿರುವ, ನೀರು ಬಸಿದುಹೋಗುವ ಹೊಲಗಳನ್ನು ಒಟ್ಟುಗೂಡಿಸಿ ಒಂದು ಬ್ಲಾಕ್ ಮಾಡುವುದು. ಅದರ ಮೂರನೆಯ ಒಂದು ಪಾಲಿನಲ್ಲಿ ಮಾತ್ರ ಕಬ್ಬು. ಉಳಿದ ಪಾಲಿನಲ್ಲಿ ಕಬ್ಬಿಗಿಂತ ಕಡಿಮೆ ನೀರು ಬೇಡುವ ಭತ್ತ, ಜೋಳದಂಥ ಬೆಳೆ. ಮುಂದಿನ ವರ್ಷಗಳಲ್ಲಿ ಕಬ್ಬಿನ ಜಾಗ ಸರದಿಯಂತೆ ಬದಲಾಗಬೇಕು. ಇದಕ್ಕೆ ಪ್ರತಿಯಾಗಿ ಇಲಾಖೆ ರೈತನಿಗೆ ಹಲವು ವರ್ಷಗಳ ಕರಾರು ಬರೆದುಕೊಟ್ಟು ಪಾಳಿಯ ಪ್ರಕಾರ ನೀರು ಕೊಡಲು ಕಟ್ಟುಬೀಳುತ್ತದೆ.

ಈ ಕರಾರೇ ಇಲ್ಲಿನ ಮುಖ್ಯ ಸಂಗತಿ ಎಂದು ನಮ್ಮ ಅನಿಸಿಕೆ. ಮೊದಲು ರೈತ ಅರ್ಜಿದಾರ, ಇಲಾಖೆ ದಾತ. ಈಗ ಇಬ್ಬರೂ ಮಾತಿಗೆ ಕಟ್ಟುಬಿದ್ದವರು. ಶಾಲೆಯ ಹಂಚು ಒಡೆದಾಗ ಅರ್ಜಿ ಬರೆದು ಎರಡು ಮಳೆಗಾಲ ಕಾದ ಶಿಕ್ಷಕರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ!

ಈ ವಿಚಾರ ಪೂರ್ತಿ ಅವರ ತಲೆಯಿಂದಲೇ ಹುಟ್ಟಿತೇ? 1884ರಲ್ಲಿ ನೌಕರಿಗೆ ಸೇರಿದ ಹೊಸದರಲ್ಲೇ ಅವರು ನಾಸಿಕ, ಖಾನದೇಶದ ಕಡೆ ಕೆಲಸ ಮಾಡಿದ್ದರು. ಅಲ್ಲಿ ಪಾಂಝರಾ ನದಿಯ ದಂಡೆಯಲ್ಲಿ 'ಫಡ' ಎಂಬ ಹಳೆಯ ಪದ್ಧತಿ ಇತ್ತು. ಊರಿನ ನೀರಾವರಿ ಭೂಮಿಯನ್ನು ನಾಲ್ಕೈದು ಫಡಗಳಾಗಿ ಹಂಚಿ, ಒಂದು ಫಡದಲ್ಲಿ ಎಲ್ಲರೂ ಒಂದೇ ಬೆಳೆ ಇಟ್ಟು, ವರ್ಷ ವರ್ಷ ಬದಲಿಸುತ್ತ ಹೋಗುವುದು. ನೀರು ಬಿಡುವವರನ್ನು ಊರವರೇ ನೇಮಿಸುವುದು. ಬ್ಲಾಕ್ ಪದ್ಧತಿಗೂ ಇದಕ್ಕೂ ಹೋಲಿಕೆ ಕಣ್ಣಿಗೆ ಹೊಡೆಯುವಷ್ಟಿದೆ. ರೈತರಿಂದ ಕಲಿತ ಇಂಜಿನಿಯರ್ ದೊಡ್ಡವನೇ ಹೊರತು ಸಣ್ಣವನಲ್ಲ.

ಹಾಗೆಂದು ರೈತರು ಹಾರ ಹಿಡಿದು ಬರಲಿಲ್ಲ. ಸರಕಾರ ನಮ್ಮ ಹೊಲದಲ್ಲಿ ಏನು ಬಿತ್ತಬೇಕೆಂದು ಹೇಳುವುದೇ? ಇವತ್ತು ಬ್ಲಾಕ್ ಎಂದವರು ನಾಳೆ ಭೂಮಿಯನ್ನೇ ಕೇಳಿದರೆ? ಇಂಥ ಅನುಮಾನಗಳು ಎದ್ದವು, ಪತ್ರಿಕೆಗಳಲ್ಲೂ ವಿರೋಧ ಬಂತು. ವಿಶ್ವೇಶ್ವರಯ್ಯನವರು ಆಜ್ಞೆ ಹೊರಡಿಸಿ ಕೂರದೆ ರೈತರ ಸಭೆ ಕರೆದು ಮಾತಾಡಿದರು. ಒಪ್ಪಿದವರ ಊರಲ್ಲಿ ಮೊದಲು ಶುರುವಾಯಿತು, ಆಮೇಲೆ ನೀರಾ ಕಾಲುವೆಯ ಮೇಲೆ ಹಬ್ಬಿತು.

ಪುಣೆಯ ಹತ್ತಿರ ಖಡಕವಾಸಲಾದಲ್ಲಿ ಅವರು ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಹಳೆಯ ಅಣೆಕಟ್ಟನ್ನು ಎತ್ತರಿಸದೆ ಎಂಟು ಅಡಿ ಹೆಚ್ಚು ನೀರು ನಿಲ್ಲಿಸಿ, ಮಹಾಪೂರ ಬಂದರೆ ತಾವೇ ತೆರೆದುಕೊಳ್ಳುವ ಬಾಗಿಲುಗಳು. ಪೇಟೆಂಟ್ ತೆಗೆದುಕೊಂಡರೂ ನೌಕರಿಯ ಕೆಲಸವೆಂದು ಸರಕಾರದಿಂದ ರಾಯಧನ ಬೇಡವೆಂದರು. ಮಕ್ಕಳಿಗೆ ಬಾಗಿಲಿನ ಕಥೆ ರುಚಿಸುತ್ತದೆ. ಆದರೆ ಹಂಚಿಕೆಯ ಕೆಲಸ ಅದಕ್ಕಿಂತ ಕಷ್ಟದ್ದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಬಾಗಿಲು ಎದುರು ಮಾತಾಡುವುದಿಲ್ಲ, ಜನ ಮಾತಾಡುತ್ತಾರೆ.

ಬ್ಲಾಕ್ ಪದ್ಧತಿಯಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಕಬ್ಬಿನ ದುಡ್ಡಿನ ಮುಂದೆ ಮೂರನೆಯ ಒಂದು ಪಾಲಿನ ಲೆಕ್ಕ ನಿಲ್ಲಲಿಲ್ಲ. ಕಾಲುವೆಯ ಪಕ್ಕದ ಎಷ್ಟೋ ಎರೆಭೂಮಿ ಸವಳಾಯಿತು. ನೀರು ಬಸಿಯುವ ಗಟಾರಗಳ ಬಗ್ಗೆ ಮುಂದಿನ ದಶಕಗಳಲ್ಲಿ ಇಲಾಖೆ ಬೇರೆಯೇ ಸಂಶೋಧನೆ ನಡೆಸಬೇಕಾಯಿತು. 1980ರಲ್ಲಿ ಭೀಮೆಗೆ ಉಜನಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಜಿಲ್ಲೆಯಲ್ಲೂ ಅದೇ ಕಥೆ. ನೀರು ಬಂದಲ್ಲೆಲ್ಲ ಕಬ್ಬು.

1908ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೌಕರಿ ಬಿಟ್ಟರು. ಮೇಲಿನ ಕುರ್ಚಿಗಳು ಬಿಳಿಯರಿಗೇ ಮೀಸಲಾಗಿದ್ದ ಕಾಲವದು. ಮೂಸಿ ನದಿಯ ಮಹಾಪೂರಕ್ಕೆ ಸಿಕ್ಕ ಹೈದರಾಬಾದಿಗೆ ಹೋಗಿ, 1909ರ ಕೊನೆಗೆ ಮೈಸೂರು ಸೇರಿದರು. ಮುಂದಿನದು ನಮ್ಮ ಮಕ್ಕಳಿಗೆ ಬಾಯಿಪಾಠ.

ಇಲ್ಲಿ ಉಳಿದ ಕಾಲುವೆಗಳ ಮೇಲೆ ಶೇಜಪಾಳಿ ಎಂಬ ಸರದಿ ಪದ್ಧತಿ ನಡೆದು ಬಂತು. 2005ರಲ್ಲಿ ಮಹಾರಾಷ್ಟ್ರ ಸರಕಾರ ನೀರಾವರಿಯನ್ನು ರೈತರ ಸಂಘಗಳಿಗೆ ವಹಿಸುವ ಕಾಯಿದೆ ಮಾಡಿತು. ಸಂಘಕ್ಕೆ ನೀರನ್ನು ಅಳೆದು ಕೊಡಬೇಕು, ಸಂಘ ಅದನ್ನು ಒಳಗೆ ಹಂಚಿಕೊಳ್ಳಬೇಕು. ನೂರು ವರ್ಷದ ಹಿಂದಿನ ಕರಾರೇ ಬೇರೆ ವೇಷದಲ್ಲಿ ಬಂದಂತಿದೆ. ಆದರೆ ಅಳೆಯಲು ಮೊದಲು ನೀರು ಬರಬೇಕಲ್ಲ!

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವದ ಹಳ್ಳಿಗಳು ಕನ್ನಡದ ಹಳ್ಳಿಗಳು. ಕೃಷ್ಣೆಯ ನೀರನ್ನು ಎತ್ತಿ ತರುವ ಮೈಸಾಳ ಯೋಜನೆಯ ಹೆಸರು ಕೇಳುತ್ತಲೇ ಅಲ್ಲಿ ಒಂದು ತಲೆಮಾರು ದೊಡ್ಡದಾಯಿತು. ನೀರು ಬಾರದೆ ಬೇಸತ್ತು 2012ರ ಸುಮಾರಿಗೆ ಅಲ್ಲಿಯ ಹಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಆ ಮಾತು ಮತ್ತೆ ಎದ್ದಾಗ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಮಾತಾಡಿದರು, ಪತ್ರಿಕೆಗಳು ಗಡಿ ವಿವಾದವೆಂದು ಬರೆದವು. ಠರಾವು ಮಾಡಿದವರನ್ನು ಕೇಳಿದ್ದರೆ ಅವರು ಮೊದಲು ಕೆರೆಗೆ ನೀರು ಎಂದು ಬರುತ್ತದೆಂದು ಕೇಳುತ್ತಿದ್ದರು. ಅದೇ ತಿಂಗಳು ಮೈಸಾಳದ ವಿಸ್ತರಣೆಗೆ ಸುಮಾರು 2000 ಕೋಟಿ ರೂಪಾಯಿಯ ಮಾತು ಮಹಾರಾಷ್ಟ್ರ ಸರಕಾರದಿಂದ ಹೊರಬಿತ್ತು. ಹತ್ತು ವರ್ಷ ಅರ್ಜಿ ಬರೆದಾಗ ಅಲುಗದ ಕಡತ ಒಂದು ತಿಂಗಳ ಗಡಿ ಗದ್ದಲಕ್ಕೆ ಅಲುಗಿತು.